ನಮ್ಮ ಕಾಲದಾಗ ಸೇವ್ ಇದ್ದಿಲ್ಲ!

ಹಾವೇರಿ ಜಿಲ್ಲೆಯಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಕೈಕೊಟ್ಟರೂ ಕೈಕೊಡದ ಬೆಳೆ ಒಂದಿದೆ: ಕಷ್ಟಪುರಾಣಿಕರು. ವಯಸ್ಸು ಮೂವತ್ತೈದರಿಂದ ನಲವತ್ತೈದು. ನೌಕರಿ ಬೆಂಗಳೂರು, ಪುಣೆ, ಇಲ್ಲವೇ ಹುಬ್ಬಳ್ಳಿಯಲ್ಲಿ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬರುತ್ತಾರೆ. ಎಸಿ ಕಾರಿನಿಂದ ಇಳಿದು, ಕಟ್ಟೆಯ ಮೇಲೆ ಮೊಬೈಲಿನಲ್ಲಿ ಗೇಮ್ ಆಡುತ್ತ ಕೂತ ಹುಡುಗರನ್ನು ಕಂಡು, ದೊಡ್ಡ ನಿಟ್ಟುಸಿರು ಬಿಟ್ಟು ಶುರು ಮಾಡುತ್ತಾರೆ: “ನಮ್ಮ ಕಾಲದಾಗ ಸೇವ್ ಅನ್ನೂದು ಇದ್ದಿಲ್ಲ ತಮ್ಮಾ. ಸತ್ರ ಸತ್ತಂಗ. ಮತ್ತ ಒಂದನೇ ಲೆವೆಲ್ಲಿಂದ!”

ಪುರಾಣ ಒಂದೇ ಆದರೂ ನಾಲ್ಕು ತಾಲೂಕಿಗೆ ನಾಲ್ಕು ಪಾಠಾಂತರಗಳಿವೆ.

ಹಾನಗಲ್ಲಿನ ಪಾಠದಲ್ಲಿ ಬರುವುದು ಕಾಂಟ್ರಾ ಎಂಬ ವಿಡಿಯೋ ಗೇಮ್. ಮೂರೇ ಲೈಫು, ಒಂದು ಗುಂಡು ತಾಗಿದರೆ ಒಂದು ಲೈಫು ಖಲಾಸ್, ಅಂಥದ್ದನ್ನು ಕೊನೆಮುಟ್ಟಿಸಿದ ಗಂಡುಗಲಿ ತಾನು. ಪುರಾಣಿಕರು ನುಂಗಿಕೊಳ್ಳುವ ಸಂಗತಿಯೆಂದರೆ, ಆಟ ಶುರುವಾಗುವ ಮುಂಚೆ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಎಂದು ಒತ್ತಿದರೆ ಮೂವತ್ತು ಲೈಫು ಸಿಗುತ್ತಿದ್ದವು. ಮಗ್ಗಿ ಮರೆತವರಿಗೂ ಈ ಮಂತ್ರ ಇಂದಿಗೂ ಬಾಯಿಪಾಠ. ಮೂವತ್ತು ಜೀವ ಜೇಬಿನಲ್ಲಿಟ್ಟುಕೊಂಡು ಪ್ರಾಣತ್ಯಾಗದ ಮಾತಾಡುವ ಕಲೆ ರಾಜಕಾರಣಿಗಳದ್ದು ಮಾತ್ರ ಎಂದುಕೊಂಡಿದ್ದೆವು.

ಶಿಗ್ಗಾವಿಯ ಪಾಠದಲ್ಲಿ ಐಜಿಐ. 2000ನೇ ಇಸವಿಯ ಆಟ, ಹದಿನಾಲ್ಕು ಮಿಷನ್ನು. ಮಿಷನ್ನಿನ ನಡುವೆ ಸೇವ್ ಇಲ್ಲ. ಮುಕ್ಕಾಲು ತಾಸು ತೆವಳಿ ಹೋದಮೇಲೆ ಯಾರೋ ಕಾವಲುಗಾರ ಬೆನ್ನಿಗೆ ಗುಂಡು ಹೊಡೆದರೆ ಮತ್ತೆ ಬೇಲಿಯ ಹೊರಗಿಂದ ಶುರು. ನಿಜ. ಆದರೆ ಮೂರನೇ ಮಿಷನ್ನಿಗೆ ಬರುವಷ್ಟರಲ್ಲಿ ಸೈಬರ್ ಕೆಫೆಯ ತಾಸು ಮುಗಿಯುತ್ತಿದ್ದುದರಿಂದ, ಉಳಿದ ಹನ್ನೊಂದರ ವೀರಗಾಥೆ ಬಹುಮಟ್ಟಿಗೆ ಕಲ್ಪಿತ. ಆಟ ಮಾಡಿದವರೇ 2003ರ ಎರಡನೇ ಭಾಗದಲ್ಲಿ ನಡುವೆ ಸೇವ್ ಮಾಡಲು ಬಿಟ್ಟರು. ಶಿಗ್ಗಾವಿಯ ಭಕ್ತರು ಆ ಭಾಗವನ್ನು ಪುರಾಣಕ್ಕೆ ಸೇರಿಸಿಕೊಂಡಿಲ್ಲ.

ಸವಣೂರಿನ ಪಾಠದಲ್ಲಿ ನಾಣ್ಯ ನುಂಗುವ ಯಂತ್ರದ ‘ಮುಸ್ತಫಾ’. ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಅದಕ್ಕೆ ಇಟ್ಟ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಅಷ್ಟುದ್ದ ಹೆಸರು ಹೇಳುವಷ್ಟು ಪುರಸೊತ್ತು ನಮ್ಮಲ್ಲಿ ಯಾರಿಗಿತ್ತು? ಖಾರಾ ತಿಂದ ಎಣ್ಣೆಗೈಯಲ್ಲಿ ಹಿಡಿಕೆ ತಿರುವಿ, ಒಂದೇ ಕಾಯಿನ್ನಿನಲ್ಲಿ ಆಟ ಮುಗಿಸಿದೆ ಎನ್ನುವವರು ಓಣಿಗೆ ಮೂವರು ಸಿಗುತ್ತಾರೆ. ಆ ಒಂದು ಕಾಯಿನ್ನಿಗೆ ಮುಂಚೆ ಕಲಿಯಲು ಸುರಿದ ಕಾಯಿನ್ನುಗಳು ಅವ್ವನ ಸಾಸಿವೆ ಡಬ್ಬಿಯಿಂದ ಬಂದವು ಎಂಬುದು ಮಾತ್ರ ಪುರಾಣದಲ್ಲಿ ಬರುವುದಿಲ್ಲ.

ಹಿರೇಕೆರೂರಿನದು ಮಾರಿಯೋ. ಎಂಟು ಲೋಕ, ಲೋಕಕ್ಕೆ ನಾಲ್ಕರಂತೆ ಮೂವತ್ತೆರಡು ಹಂತ, ಸೇವ್ ಇಲ್ಲ. ಏಳನೇ ಲೋಕ ಮುಟ್ಟಿದಾಗ ಕೆಇಬಿಯವರು ಕರೆಂಟು ತೆಗೆಯುತ್ತಿದ್ದರು. ಆ ಇಲಾಖೆಯ ಹೆಸರು ಆಮೇಲೆ ಎಷ್ಟು ಸಲ ಬದಲಾಯಿತೋ, ಪುರಾಣದಲ್ಲಿ ಮಾತ್ರ ಖಳನಾಯಕ ಇಂದಿಗೂ ಕೆಇಬಿಯೇ.

ಪಂಚಮಿಯ ಮಧ್ಯಾಹ್ನ ಹಿರೇಕೆರೂರಿನ ಯಾವ ಪಡಸಾಲೆಯಲ್ಲಿ ಬೇಕಾದರೂ ನಡೆಯಬಹುದಾದ ಪ್ರಸಂಗ ಕೇಳಿ. ತಂಗಿ ತವರಿಗೆ ಬಂದಿದ್ದಾಳೆ. ಶೇಂಗಾ ಉಂಡಿ ಮೆಲ್ಲುತ್ತ ಅಣ್ಣ ಸೋದರಳಿಯನಿಗೆ ಮಾರಿಯೋಪರ್ವ ಒದರುತ್ತಿದ್ದಾನೆ. ಹುಡುಗ ಮರುಮಾತಾಡದೆ ತನ್ನ ಮೊಬೈಲಿನಲ್ಲಿ ಅದೇ ಹಳೆಯ ಆಟ ತೆರೆದು ಕೈಗೆ ಕೊಡುತ್ತಾನೆ.

“ಆಡಿ ತೋರಸ್ರಿ ಮಾಮಾ.”

ಮಾಮಾ ಓಡಿದರು. ಅಣಬೆಯಂಥ ಮೊದಲ ಪ್ರಾಣಿ ನಿಧಾನಕ್ಕೆ ನಡೆದು ಬಂತು. ಮಾಮಾ ನೆಗೆಯುವುದನ್ನು ಮರೆತು ಅದಕ್ಕೇ ಡಿಕ್ಕಿ ಹೊಡೆದರು.

“ಬಟನ್ ಸರಿ ಇಲ್ಲ.”

ಎರಡನೇ ಲೈಫು ಹಳ್ಳಕ್ಕೆ ಬಿತ್ತು.

“ಏ ತಮ್ಮಾ, ಹಿಂದಕ್ಕ ಒಯ್ಯೂದು ಎಲ್ಲೈತಿ ಇದರಾಗ?”

“ನಿಮ್ಮ ಕಾಲದಾಗ ಇದ್ದಿಲ್ಲಲ್ರಿ.”

“ಈಗ ಐತಿಲ್ಲೋ? ಒತ್ತು!”

ಒತ್ತಿದ. ಸತ್ತ ಮಾರಿಯೋ ಹಳ್ಳದಿಂದ ಮೇಲೆದ್ದು ಹಿಂದಕ್ಕೆ ನೆಗೆದ. ಹಾಗೆ ಹಿಂದಕ್ಕೊಯ್ದು ಮುಂದಕ್ಕೊಯ್ದು, ಹಂತಕ್ಕೊಂದು ಸೇವ್ ಒತ್ತಿ, ಸಂಜೆಯೊಳಗೆ ಮಾಮಾ ಎರಡನೇ ಲೋಕ ಮುಟ್ಟಿ, ಕಾಲು ಚಾಚಿ ಕೂತು ಹೇಳಿದರು: “ನೋಡಿದಿಲ್ಲೋ? ಈಗಿನ ಹುಡುಗ್ರಿಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು!”

ಅಷ್ಟರಲ್ಲಿ ಅಡುಗೆಮನೆಯಿಂದ ತಂಗಿಯ ದನಿ ಬಂತು. “ಅಣ್ಣಾ, ನೀ ಸಾಯೂದನ್ನ ಕಾಯ್ಕೋತ ಇಡೀ ಸೂಟಿ ಕೂತವಳು ನಾನು. ತಾಳ್ಮಿ ಸುದ್ದಿ ನನಗ ಹೇಳಬ್ಯಾಡ.”

ಈ ಮಾತಿನ ತೂಕ ತಿಳಿಯಬೇಕಾದರೆ ಆ ಆಟದ ಕಟ್ಟಳೆ ಗೊತ್ತಿರಬೇಕು. 1985ರ ಮಾರಿಯೋದಲ್ಲಿ ಇಬ್ಬರು ಒಟ್ಟಿಗೆ ಆಡುವಂತಿರಲಿಲ್ಲ. ಮೊದಲನೆಯವನು ಸತ್ತರೆ ಮಾತ್ರ ಎರಡನೆಯವರ ಪಾಳಿ. ಅಣ್ಣ ಸಾಯದಿದ್ದರೆ ತಂಗಿ ರಿಮೋಟು ತೊಡೆಯ ಮೇಲಿಟ್ಟುಕೊಂಡು ಟಿವಿ ನೋಡುತ್ತ ಕೂಡಬೇಕು. ಪಾಳಿ ಬಂದು ಒಂದು ನಿಮಿಷವಾಗುವುದರೊಳಗೆ ಅಭ್ಯಾಸವಿಲ್ಲದ ಅವಳು ಸಾಯುತ್ತಾಳೆ, ಅಣ್ಣ ನಗುತ್ತಾನೆ, ಮತ್ತೆ ಕಾಯುವುದು. ಜಪಾನಿನ ಮೂಲ ಗೇಮ್ ಡಬ್ಬಿಯ ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ನೇ ಇರಲಿಲ್ಲ. ಅದನ್ನು ನಕಲು ಮಾಡಿ ನಮ್ಮಲ್ಲಿಗೆ ಬಂದ ಡಬ್ಬಿಗಳೂ ಬಹಳಷ್ಟು ಹಾಗೆಯೇ. ಆಟ ಶುರು ಮಾಡುವ, ನಿಲ್ಲಿಸುವ ಅಧಿಕಾರ ಒಂದನೇ ರಿಮೋಟಿನದು. ಎರಡನೆಯದಕ್ಕೆ ಪಾಲ್ಗೊಂಡ ತೃಪ್ತಿ.

ನಮ್ಮ ಪುರಾಣಿಕರೆಲ್ಲ ಒಂದನೇ ರಿಮೋಟಿನವರು. ಎರಡನೇ ರಿಮೋಟು ಹಿಡಿದವರು ಯಾರಾದರೂ “ಆ ಕಾಲವೇ ಚೆಂದಿತ್ತು” ಎಂದು ಕಣ್ಣೊರೆಸಿಕೊಂಡದ್ದನ್ನು ಕೇಳಿದ್ದೀರಾ?

ಸೇವ್ ಇಲ್ಲದ ಆ ಕಷ್ಟಕ್ಕಾದರೂ ಏನು ಘನ ಕಾರಣವಿತ್ತು? ಇಡೀ ಮಾರಿಯೋ ಆಟದ ತೂಕ 40 ಕಿಲೋಬೈಟ್. ಬೆಳಗಾದರೆ ಪುರಾಣಿಕರು ಬಳಗದ ಗ್ರೂಪಿಗೆ ಕಳಿಸುವ ಗುಲಾಬಿ ಹೂವಿನ ಶುಭೋದಯ ಇದಕ್ಕಿಂತ ಭಾರ. ಅಷ್ಟು ಪುಟ್ಟ ಆಟವನ್ನು ಇಡೀ ಸೂಟಿ ಎಳೆಯಬೇಕಾದರೆ ಸತ್ತವರನ್ನು ಮತ್ತೆ ಮೊದಲಿಗೆ ಕಳಿಸುವುದೇ ದಾರಿ. ಆದರೂ ಮಾಡಿದವರು ಕರುಣೆಯಿಲ್ಲದವರೇನಲ್ಲ. ಆಟ ಮುಗಿದಮೇಲೆ ಎ ಬಟನ್ ಹಿಡಿದು ಸ್ಟಾರ್ಟ್ ಒತ್ತಿದರೆ, ಸತ್ತ ಲೋಕದ ಮೊದಲ ಹಂತದಿಂದಲೇ ಮುಂದುವರಿಯಬಹುದಿತ್ತು. ಸೌಕರ್ಯ 1985ರಲ್ಲೇ ಮಂಜೂರಾಗಿತ್ತು, ಫಲಾನುಭವಿಗೆ ತಿಳಿಸಿದವರಿಲ್ಲ, ಅಷ್ಟೇ. ‘9999 ಇನ್ 1’ ಎಂದು ಬರೆದ, ಏಳೆಂಟು ಆಟವನ್ನೇ ತಿರುತಿರುವಿ ಎಣಿಸಿದ ಕ್ಯಾಸೆಟ್ಟಿನ ಜೊತೆ ಪುಸ್ತಕ ಬರುತ್ತಿರಲಿಲ್ಲ. ನಮ್ಮ ಅಜ್ಞಾನಕ್ಕೆ ನಾವು ಈಗ ಇಟ್ಟುಕೊಂಡ ಹೆಸರು ಛಲ. ಕ್ಯಾಸೆಟ್ಟು ಓಡದಿದ್ದರೆ ಬಾಯಿಂದ ಊದುತ್ತಿದ್ದೆವಲ್ಲ, ಅದು ಇನ್ನೊಂದು ವಿದ್ಯೆ. ಕೆಲಸ ಮಾಡುತ್ತಿದ್ದುದು ತೆಗೆದು ಮತ್ತೆ ಕೂರಿಸಿದ್ದು. ಎಂಜಲಿನ ತೇವ ಒಳಗಿನ ತಾಮ್ರವನ್ನು ತಿನ್ನುತ್ತಿತ್ತು. ಆದರೂ ಊದಿದವರು ತಮ್ಮನ್ನು ಇಂಜಿನಿಯರೆಂದೇ ತಿಳಿದರು. ಕೆಲವರು ಮುಂದೆ ಆದರು ಕೂಡ.

ಕಾಯಿನ್ನಿನ ಯಂತ್ರಗಳ ಕಥೆ ಇನ್ನೂ ಸರಳ. ಬೇಗ ಸತ್ತರೆ ಬೇಗ ಇನ್ನೊಂದು ಕಾಯಿನ್ನು. ಅಲ್ಲಿ ಕಷ್ಟವೆಂಬುದು ಗಲ್ಲಾಪೆಟ್ಟಿಗೆಯ ಲೆಕ್ಕ. ವಿಡಿಯೋ ಗೇಮ್ ಯಂತ್ರಗಳಲ್ಲಿ ಆಟವೆಷ್ಟು, ಜೂಜೆಷ್ಟು, ಅಂಗಡಿಗೆ ಲೈಸನ್ಸ್ ಬೇಕೋ ಬೇಡವೋ ಎಂಬ ಬೆಂಗಳೂರಿನ ವ್ಯಾಜ್ಯ, ಎಂ.ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಲೈಸನ್ಸ್ ಬೇಕು ಎಂದು 1995ರಲ್ಲಿ ತೀರ್ಪಾಯಿತು. ನಾವು ತಪಸ್ಸು ಎಂದುಕೊಂಡದ್ದನ್ನು ನ್ಯಾಯಾಲಯ ವ್ಯಾಪಾರವೆಂದು ಕಂಡಿತ್ತು.

ವ್ಯಾಪಾರ ನಿಂತಿಲ್ಲ, ವೇಷ ಬದಲಿಸಿದೆ. ಇಂದಿನ ಮೊಬೈಲು ಆಟಗಳಲ್ಲಿ ಒಂದು ಮನೆ ಕಟ್ಟಲು ಎಂಟು ತಾಸು ಕಾಯಬೇಕು. ಕಾಯಲಾರದವರು ದುಡ್ಡು ಕೊಡಬೇಕು. ಕಷ್ಟ ಇಟ್ಟವರೂ ಅವರೇ, ತೆಗೆಯಲು ಫೀ ಕೇಳುವವರೂ ಅವರೇ. ಅಂದು ಸಾಸಿವೆ ಡಬ್ಬಿ ಬರಿದಾಯಿತು, ಇಂದು ಫೋನ್‌ಪೇ. ಈ ಬಗ್ಗೆ ಪುರಾಣಿಕರು ಗುಡುಗಿದ್ದರೆ ಮೆಚ್ಚುತ್ತಿದ್ದೆವು. ಅವರ ಸಿಟ್ಟೆಲ್ಲ ಹುಡುಗರಿಗೆ ಪುಕ್ಕಟೆ ಸಿಕ್ಕ ಸೇವ್ ಬಟನ್ನಿನ ಮೇಲೆ.

ಈ ಚಪಲ ನಮ್ಮ ಜಿಲ್ಲೆಗೆ ಮೀಸಲಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದ ಭಕ್ತರು, ಸೌಕರ್ಯ ಹೆಚ್ಚಾಗಿ ಆಟ ಕೆಟ್ಟಿತು, ಹಳೆಯದನ್ನೇ ಕೊಡಿ ಎಂದು ವರ್ಷಗಟ್ಟಲೆ ಗೋಗರೆದರು. 2019ರ ಆಗಸ್ಟ್‌ನಲ್ಲಿ ಕಂಪನಿ ಕೊಟ್ಟಿತು. ಮೊದಲ ದಿನ ಆಟದೊಳಗಿನ ಒಂದೇ ರಾಕ್ಷಸನನ್ನು ಕೊಲ್ಲಲು ವೀರರೆಲ್ಲ ಒಬ್ಬರ ಹಿಂದೊಬ್ಬರು ಸಾಲು ನಿಂತರು. ನಮ್ಮ ನ್ಯಾಯಬೆಲೆ ಅಂಗಡಿಯ ಮುಂದೆ ಪುಕ್ಕಟೆ ನಿಲ್ಲಬಹುದಾದ ಪಾಳಿಗೆ ಅವರು ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿದ್ದರು.

ಹೊಸತನ್ನು ಹೇರುವವರು ಮೂರ್ಖರಾಗಿರಲು ಸಾಧ್ಯವೇ ಇಲ್ಲವೆಂದಲ್ಲ. ವೈಸ್ ಸಿಟಿ ಎಂಬ ಹಳೆಯ ಆಟವೂ ಅದರ ಜೋಡಿ ಆಟಗಳೂ 2021ರ ನವೆಂಬರಿನಲ್ಲಿ ಹೊಸ ಬಣ್ಣ ಬಳಿದುಕೊಂಡು ಬಂದವು. ದಾರಿ ತೋರುವ ಗೆರೆ, ಸೋತ ಮಿಷನ್ನನ್ನು ಕೂಡಲೇ ಮತ್ತೆ ಆಡುವ ಅನುಕೂಲ, ಎಲ್ಲ ಇತ್ತು. ಮಳೆ ಬಂದರೆ ಮಾತ್ರ ಎದುರಿನ ರಸ್ತೆ ಕಾಣುತ್ತಿರಲಿಲ್ಲ, ಅಂಗಡಿಗಳ ಬೋರ್ಡಿನಲ್ಲಿ ಅಕ್ಷರ ತಪ್ಪಿದ್ದವು. ಜನ ಕೂಗಾಡಿದಮೇಲೆ ಕಂಪನಿ ಕ್ಷಮೆ ಕೇಳಿ, ಹಳೆಯ ಆಟವನ್ನೂ ಮತ್ತೆ ಮಾರಾಟಕ್ಕಿಟ್ಟಿತು. ಅಲ್ಲಿ ಹಳೆಯದನ್ನು ಕೇಳಿದವರು ಆಡಲು ಕೇಳಿದರು. ನಮ್ಮವರು ಕೇಳುವುದು ಇನ್ನೊಬ್ಬರಿಗೆ ಬುದ್ಧಿ ಹೇಳಲು.

ಆಟದಾಚೆಗೂ ಇದೇ ರಿಮೋಟಿನ ಲೆಕ್ಕ. “ಒಳ್ಳಾಗ ಕುಟ್ಟಿದ ಶೇಂಗಾ ಹಿಂಡಿ ರುಚಿ ಮಿಕ್ಸಿಗೆಲ್ಲಿ ಬರಬೇಕು” ಎನ್ನುವ ಪುರಾಣಿಕನ ಅಂಗೈ ನೋಡಿ, ಗುಳ್ಳೆ ಎದ್ದ ಗುರುತೇ ಇಲ್ಲ. ಕುಟ್ಟಿದವಳು ಅವ್ವ, ತಿಂದವನು ಇವನು, ರುಚಿಯ ವಾರಸುದಾರನೂ ಇವನೇ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಹಾನಗಲ್ಲಿಗೂ ರೈಲಿಲ್ಲ, ಹಿರೇಕೆರೂರಿಗೂ ಇಲ್ಲ; ಇರುವ ಬಸ್ಸೇ ಗತಿ. ತವರಿಗೆ ಹೋಗಬೇಕಾದರೆ ಟಿಕೆಟ್ಟಿನ ದುಡ್ಡಿಗೆ ಕೈಚಾಚುವ ಕೆಲಸವೊಂದು ತಪ್ಪಿತು. ಆಗ ಟೋಲಿನಲ್ಲಿ ಫಾಸ್ಟ್ಯಾಗ್ ಕುಂಯ್ಗುಟ್ಟಿಸಿ ಬಂದ ಪುರಾಣಿಕ ಹೇಳಿದ: “ಪುಕ್ಕಟೆ ಕೊಟ್ಟು ಜನಾನ್ನ ಕೆಡಸಿದ್ರು ನೋಡ್ರಿ.” ಅವನ ದಾರಿ ಸಲೀಸಾದರೆ ಅಭಿವೃದ್ಧಿ, ತಂಗಿಯ ದಾರಿ ಸಲೀಸಾದರೆ ಅಧಃಪತನ.

1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾಗುವ ಮುಂಚೆ, ಜಿಲ್ಲಾ ಕಚೇರಿಯ ಒಂದು ಸಹಿಗೆ ಹಿರೇಕೆರೂರಿನವರು ಧಾರವಾಡ ಮುಟ್ಟಬೇಕಿತ್ತು. ಸಾಹೇಬರು ಸಿಗದಿದ್ದರೆ ಮರಳಿ ಊರಿಗೆ, ಮತ್ತೆ ಒಂದನೇ ಲೆವೆಲ್ಲಿಂದ. “ಆಗಿನ ಮಂದಿಗೆ ಎಷ್ಟು ತಾಕತ್ತಿತ್ತು!” ಎಂದು ಪುರಾಣಿಕರು ಇದನ್ನೂ ಹಾಡುತ್ತಾರೆ. ಆ ತಾಕತ್ತು ಮರಳಿ ಬರಲೆಂದು, ನಮ್ಮನ್ನು ಮತ್ತೆ ಧಾರವಾಡ ಜಿಲ್ಲೆಗೆ ಸೇರಿಸಿ ಎಂಬ ಮನವಿ ಹಿಡಿದು ಬಿಸಿಲಲ್ಲಿ ನಿಂತ ಪುರಾಣಿಕನನ್ನು ನಾನಂತೂ ಕಂಡಿಲ್ಲ.

ಆದ್ದರಿಂದ ನಾಲ್ಕೂ ತಾಲೂಕಿನ ಸಮಸ್ತರಲ್ಲಿ ಒಂದು ಸೂಚನೆ. ಮುಂದಿನ ಪಂಚಮಿಗೆ ಯಾರೇ “ನಮ್ಮ ಕಾಲದಾಗ” ಎಂದು ಬಾಯಿ ತೆರೆದರೂ ತಡೆಯಬೇಡಿ. ಹಳೆಯ ಡಬ್ಬಿ ಹೊರಗೆ ತೆಗೆಯಿರಿ. ಒಂದನೇ ರಿಮೋಟು ತಂಗಿಗೆ, ಎರಡನೆಯದು ಪುರಾಣಿಕರಿಗೆ. ರಿವೈಂಡ್ ಇಲ್ಲ, ಸೇವ್ ಇಲ್ಲ, ನಡುವೆ ಫೋನ್ ನೋಡುವಂತಿಲ್ಲ. ತಂಗಿ ಸತ್ತರೆ ಪಾಳಿ, ಇಲ್ಲದಿದ್ದರೆ ಇಲ್ಲ. ಅವರ ಪಾಳಿ ಬಂದ ಹೊತ್ತಿಗೆ ಮೇನ್ ಸ್ವಿಚ್ ಇಳಿಸುವ ಜವಾಬ್ದಾರಿ ಸೋದರಳಿಯನದು. ಹಳೆಯ ಕಾಲ ಅಸಲಿಯಾಗಿರಬೇಕಲ್ಲ. ಆಮೇಲೂ ಆ ಕಾಲವೇ ಚೆಂದ ಎಂದರೆ ಕೈಮುಗಿದು ಕೇಳೋಣ. ಅಲ್ಲಿಯವರೆಗೆ ಆ ಪುರಾಣಕ್ಕೆ ಕಿಮ್ಮತ್ತಿಲ್ಲ, ಉಂಡಿಯೂ ಇಲ್ಲ.