ಪಾಲಿಗೆ ಬಂದ ಪಟ್ರಿ

ಯಾದಗಿರಿಗೆ ರೈಲು ಬಂದು ನೂರೈವತ್ತು ವರ್ಷ ದಾಟಿತು. ಮುಂಬೈ ಕಡೆಯಿಂದ ಬಂದ ಹಳಿಯೂ ಮದ್ರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ದಾರಿಯಲ್ಲಿ ಯಾದಗಿರಿ ಸಿಕ್ಕಿತು, ಭೀಮೆಯ ಈಚೆ ದಂಡೆಯ ಶಹಾಪುರ, ಸುರಪುರ ಸಿಗಲಿಲ್ಲ. ಆಲಮಟ್ಟಿಯಿಂದ ಯಾದಗಿರಿಗೆ ರೈಲು ಬೇಕೆಂಬ ಬೇಡಿಕೆ ನಮ್ಮ ಭಾಗದಲ್ಲಿ ಎಷ್ಟು ಹಳೆಯದೆಂದರೆ, ಅದನ್ನು ಕೇಳುತ್ತ ಬೆಳೆದವರೇ ಈಗ ಹಿರಿಯ ನಾಗರಿಕರ ವಯಸ್ಸಿಗೆ ಬಂದಿದ್ದೇವೆ. ಹೀಗಾಗಿ ಸದ್ಯಕ್ಕೆ ಶಹಾಪುರದಲ್ಲಿ ಹಳಿ ಅಂತ ಇದ್ದರೆ ಅದು ನಮ್ಮ ಮನೆಯ ಪಡಸಾಲೆಯಲ್ಲಿ. ಅಳತೆ ಸ್ವಲ್ಪ ಸಣ್ಣದು, ಮೂವತ್ತೆರಡರಲ್ಲಿ ಒಂದು ಪಾಲು. ಅದರ ಮೇಲೆ ಓಡುವುದು ರೈಲಲ್ಲ, ಕಾರು. ಕಾರೂ ಈಚೆಗೆ ಓಡತೊಡಗಿದ್ದು.

ಆಟಿಕೆಯ ವ್ಯವಹಾರ ಸರಳ. ಕಪ್ಪು ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ರಸ್ತೆಯಾಯಿತು, ನಮ್ಮ ಬಾಯಲ್ಲಿ ಪಟ್ರಿ. ರಸ್ತೆಯುದ್ದಕ್ಕೂ ಎರಡು ಸೀಳು, ಪ್ರತಿ ಸೀಳಿನ ಎಡಬಲಕ್ಕೆ ತೆಳ್ಳನೆಯ ಉಕ್ಕಿನ ಹಳಿ. ಕಾರಿನ ಮೂತಿಯ ಕೆಳಗಿರುವ ನಾಲಿಗೆ ಸೀಳಿನೊಳಗೆ ಇಳಿಯುತ್ತದೆ. ನಾಲಿಗೆಯ ಎರಡು ಬದಿಗೆ ತಾಮ್ರದ ಎಳೆ ಹೆಣೆದ ಜಡೆಗಳಿದ್ದು, ಅವು ಹಳಿಗೆ ಒರೆಸಿಕೊಂಡು 12 ವೋಲ್ಟ್ ಕರೆಂಟು ತೆಗೆದುಕೊಳ್ಳುತ್ತವೆ. ಕೈಯಲ್ಲಿ ಹಿಡಿದ ಗುಂಡಿಯನ್ನು ಒತ್ತಿದಷ್ಟೂ ಓಟ. ಸ್ಟೀರಿಂಗಿನ ಕೆಲಸವಿಲ್ಲ. ತಿರುವಿನಲ್ಲಿ ಗುಂಡಿ ಸಡಿಲಿಸದವನ ಕಾರು ಸೀಳು ಬಿಟ್ಟು ದಿವಾನಿನ ಕೆಳಗೆ ಹೋಗಿ ನಿಲ್ಲುತ್ತದೆ, ಅಷ್ಟೇ.

ಇದನ್ನು ಮನೆಮನೆಗೆ ತಂದವರು ಇಂಗ್ಲೆಂಡಿನ ಫ್ರೆಡ್ ಫ್ರಾನ್ಸಿಸ್. 1952ರಲ್ಲಿ ಸ್ಕೇಲೆಕ್ಸ್ ಎಂಬ, ಸ್ಪ್ರಿಂಗಿನ ಬಲದಲ್ಲಿ ಓಡುವ ತಗಡಿನ ಕಾರು ಮಾಡಿದ್ದರು. ಅದಕ್ಕೆ ಕರೆಂಟು ಸೇರಿಸಿ, ಹೆಸರಿಗೂ ಎಲೆಕ್ಟ್ರಿಕ್ಕಿನ ಬಾಲ ಸೇರಿಸಿ, 1957ರ ಜನವರಿಯಲ್ಲಿ ಹ್ಯಾರೊಗೇಟ್ ಆಟಿಕೆ ಮೇಳದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂದು ತೋರಿಸಿದರು. ಬೇಡಿಕೆ ಕೈಮೀರಿ ಹೋಗಿ ಮರುವರ್ಷವೇ ಕಂಪನಿಯನ್ನು ದೊಡ್ಡವರಿಗೆ ಮಾರಿದರು. ಆಗಿನ ರಸ್ತೆ ರಬ್ಬರಿನದು, ಪ್ಲಾಸ್ಟಿಕ್ ಬಂದದ್ದು ಅರವತ್ತರ ದಶಕದಲ್ಲಿ.

ನಮ್ಮ ಮನೆಗೆ ಬಂದದ್ದು 1980ರ ದಶಕದಲ್ಲಿ, ಕುವೈತಿನಲ್ಲಿದ್ದ ದೊಡ್ಡಪ್ಪನ ಸೂಟ್‌ಕೇಸಿನ ಜೊತೆ. ಟೇಪ್ ರೆಕಾರ್ಡರು, ಹುಲಿ ಚಿತ್ರದ ರಗ್ಗು, ನೋವಿನ ಮುಲಾಮು, ಮತ್ತು ಈ ಡಬ್ಬಿ. ದೊಡ್ಡಪ್ಪ ಮಕ್ಕಳಿಗೆಂದೇ ತಂದಿದ್ದ. ಆದರೆ ಇಷ್ಟು ಬೆಲೆಯ ವಸ್ತುವನ್ನು ಮಕ್ಕಳ ಕೈಗೆ ಕೊಡುವುದುಂಟೆ? ಅದು ಶೋಕೇಸ್ ಸೇರಿತು. ಬೀಗರು ಬಂದಾಗ ಕೆಳಗಿಳಿಯುತ್ತಿತ್ತು. "ಕೈ ತೊಳಕೊಂಡ್ ಬಂದು ನೋಡ್ರಿ, ಮುಟ್ಟಬ್ಯಾಡ್ರಿ" ಎಂಬ ಆಜ್ಞೆಯಲ್ಲಿ ಕೈ ಯಾಕೆ ತೊಳೆಯಬೇಕು ಎಂದು ನಾವ್ಯಾರೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಮಹಾನವಮಿಯ ಖಂಡೆ ಪೂಜೆಗೆ ಮಾತ್ರ ಅದು ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು. ಕುಡಗೋಲು, ಕೊಡಲಿ, ತಕ್ಕಡಿ, ಅಪ್ಪನ ಸೈಕಲ್ಲು, ಅದರ ಪಕ್ಕದಲ್ಲಿ ಇಂಗ್ಲೆಂಡಿನ ರೇಸಿನ ರಸ್ತೆ. ಎಲ್ಲಕ್ಕೂ ಸಮನಾಗಿ ವಿಭೂತಿ, ಕುಂಕುಮ, ತೆಂಗಿನ ನೀರು.

ಆಮೇಲೆ ಆಸ್ತಿಯ ವಾಟ್ನಿ ಆಯಿತು. ಹೊಲ ಅಳೆದರು, ಎತ್ತು ಎಣಿಸಿದರು, ತಾಮ್ರದ ಹಂಡೆ ತೂಗಿದರು. ಕೊನೆಗೆ ಉಳಿದದ್ದು ಈ ಡಬ್ಬಿ. ಮೂವರು ಅಣ್ಣತಮ್ಮಂದಿರಿಗೂ ಬೇಕು. ಪಂಚಾಯ್ತಿಗೆ ಕುಳಿತ ಹಿರಿಯರು ಬಹಳ ಯೋಚಿಸಿ, ಯಾರಿಗೂ ಅನ್ಯಾಯ ಆಗಬಾರದೆಂದು ತೀರ್ಪು ಕೊಟ್ಟರು: ಕಾರುಗಳು ಸುರಪುರದ ಕಾಕಾನಿಗೆ, ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರು ಯಾದಗಿರಿಯಲ್ಲಿದ್ದ ದೊಡ್ಡಪ್ಪನ ಮಗನಿಗೆ, ಪಟ್ರಿ ಶಹಾಪುರದ ನಮ್ಮಪ್ಪನಿಗೆ. ವಾಟ್ನಿ ಪತ್ರದಲ್ಲಿ "ಕರೆಂಟಿನ ಆಟಿಗಿ, ನಗ ಒಂದು, ಮೂರು ಪಾಲು" ಎಂದು ಬರೆದದ್ದು ಈಗಲೂ ಇದೆ. ಇಷ್ಟು ಸಮನಾದ ಹಂಚಿಕೆಯನ್ನು ನಾನು ಎಲ್ಲೂ ಕಂಡಿಲ್ಲ. ಮೂರು ಮನೆಗೂ ಸಮಸಮವಾಗಿ ಏನೂ ಸಿಗಲಿಲ್ಲ.

ಯಾದಗಿರಿಯ ಅಣ್ಣ ಟ್ರಾನ್ಸ್‌ಫಾರ್ಮರಿಗೆ ಸಣ್ಣ ಫ್ಯಾನು ಕಟ್ಟಿ ದೇವರ ಜಗುಲಿಯ ಮುಂದೆ ಇಟ್ಟ. ಸುರಪುರದಲ್ಲಿ ಕಾರುಗಳು ಗರುಡಾದ್ರಿ ಚಿತ್ರಶೈಲಿಯ ದೇವರ ಪಟದ ಕೆಳಗೆ ಶೋಕೇಸಿನಲ್ಲಿ ಕುಳಿತವು. ನಮ್ಮ ಪಟ್ರಿ ಮಾತ್ರ ದುಡಿಯಿತು. ನೇರ ತುಂಡುಗಳು ಸಜ್ಜಾ ಮೇಲೆ ಜೋಳದ ಚೀಲಕ್ಕೆ ಅಡಿಹಾಸಾದವು. ತಿರುವುಗಳು ಕೂಲರಿನ ಕಾಲಿಗೆ ಒತ್ತು. ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ಕೂಲರು ಎಷ್ಟು ದುಡಿಯುತ್ತದೆ, ಎಷ್ಟು ಸೋರುತ್ತದೆ ಎಂದು ಬಲ್ಲವರಿಗೆ ಆ ಹಳಿಗಳ ಸ್ಥಿತಿ ಬಿಡಿಸಿ ಹೇಳಬೇಕಾಗಿಲ್ಲ.

ಈ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗ ಸಜ್ಜಾ ಹತ್ತಿ, "ಅಜ್ಜಾ, ಇದು ರೇಸ್ ಟ್ರ್ಯಾಕ್!" ಎಂದು ಕೂಗಿದ. ಸ್ವಚ್ಛ ಮಾಡೋಣ ಅಂದ. ಮರುದಿನವೇ ಅವನಿಗೆ ಬೇಸರ ಬಂತು, ಮೊಬೈಲು ಹಿಡಿದ. ನನಗೆ ಆಗಲೇ ಹುಚ್ಚು ಹಿಡಿದಿತ್ತು.

ಉಜ್ಜುವ ಕೆಲಸಕ್ಕೆ ಕುಳಿತವನ ಸುತ್ತ ನಮ್ಮ ಕಡೆ ಜನ ಹೇಗೆ ಸೇರುತ್ತಾರೋ ತಿಳಿಯದು. ಅವ್ವನದು ಮೊದಲ ಸಲಹೆ: "ತಮ್ಮಾ, ಹುಣಚಿಹಣ್ಣು ಉಪ್ಪು ಹಚ್ಚಿ ತಿಕ್ಕು, ಬಂಗಾರ ಆಗ್ತದ." ಎದುರುಮನೆಯವರು ಚಿಮಣಿ ಎಣ್ಣಿ ಅಂದರು. ಮೋಟರ್ ವೈಂಡಿಂಗ್ ಅಂಗಡಿಯವನು ಪಾಲಿಷ್ ಪೇಪರೇ ಸೈ ಅಂದ. ಹೆಂಡತಿ ಮಾತ್ರ ಸಲಹೆ ಕೊಡಲಿಲ್ಲ. "ಪಂಚಮಿಗೆ ಬಾಂಡೆ ಉಜ್ಜ್ರಿ ಅಂದ್ರ ಸೊಂಟ ನೋವು ಅಂತೀರಿ, ಇಲ್ಲಿ ಮುಂಜಾನಿಂದ ಕುಕ್ಕರಗಾಲಲ್ಲಿ ಕುಂತೀರಿ" ಎಂದು ದಾಖಲೆಗೆ ಹೇಳಿ ಒಳಗೆ ಹೋದಳು.

ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಸರಿ. ಉಕ್ಕಿನ ಹಳಿಗೆ ಹುಳಿ, ಉಪ್ಪು, ನೀರು ಮೂರೂ ಕೂಡಿದರೆ ಇವತ್ತು ಹೊಳಪು, ನಾಳೆ ಮತ್ತೆ ಜಂಗು. ಒರಟು ಪಾಲಿಷ್ ಪೇಪರು ಹಳಿಯ ಮೇಲಿನ ತೆಳು ಲೇಪವನ್ನೇ ಕಿತ್ತು, ಗೀರು ಬೀಳಿಸಿ, ಜಂಗಿಗೆ ಮನೆ ಕಟ್ಟಿಕೊಡುತ್ತದೆ. ಇದನ್ನೆಲ್ಲ ನನಗೆ ಹೇಳಿದವನು ಬಸ್ ಸ್ಟ್ಯಾಂಡ್ ಕಡೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹುಡುಗ. "ಸರ್ರ, ಇದಕ್ಕ ಐಪಿಎ ಬೇಕ್ರಿ. ನೀರಾಗ ಬಿದ್ದ ಮೊಬೈಲಿಗಿ ನಾವು ಹಾಕೋದು ಅದನ್ನ." ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಎಣ್ಣೆ ಜಿಡ್ಡು ಎತ್ತುತ್ತದೆ, ತಾನು ಆರಿ ಹೋಗುತ್ತದೆ, ನೀರು ಉಳಿಸುವುದಿಲ್ಲ. ಸಣ್ಣ ಬಾಟಲಿಯಲ್ಲಿ ಹಾಕಿಕೊಟ್ಟ. ಮೂರನೆಯ ಸಲ ಬಾಟಲಿ ತುಂಬಿಸಲು ಹೋದಾಗ, "ಅಲ್ರೀ ಸರ, ಹಚ್ಚಲಿಕತ್ತೀರೋ, ಕುಡಿಲಿಕತ್ತೀರೋ?" ಎಂದು ಕೇಳಿ, ತಾನೇ ಶಟರ್ ಎಳೆದು ನೋಡಲು ಬಂದುಬಿಟ್ಟ.

ಕ್ರಮ ಹೀಗೆ. ಮೊದಲು ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಪ್ಲಾಸ್ಟಿಕ್ ತೊಳೆಯಬೇಕು. ಬೋರಿನ ನೀರು ಸವಳು, ಆರಿದರೆ ಹಳಿಯ ಮೇಲೆ ಬಿಳಿ ಉಪ್ಪು ಉಳಿಯುತ್ತದೆ; ಅದಕ್ಕೆ ಫಿಲ್ಟರ್ ನೀರು. ನಾಣ್ಯ ಹಾಕಿ ಕ್ಯಾನು ತುಂಬಿಸಿ ತಂದ ನೀರಲ್ಲಿ ಆಟಿಕೆಗೆ ಅಭ್ಯಂಜನ ಆಗುವುದನ್ನು ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಹಸಿರು ಸ್ಕ್ರಬ್ಬರಿನಿಂದ ಹಳಿಯ ಉದ್ದಕ್ಕೆ ಮೆಲ್ಲಗೆ ಉಜ್ಜುವುದು, ಅಡ್ಡಡ್ಡ ಅಲ್ಲ. ಮೇಲಿಂದ ಐಪಿಎ ಹಚ್ಚಿದ ಬನಿಯನ್ ಬಟ್ಟೆ. ಹಟಮಾರಿ ಕಪ್ಪು ಕಲೆಗಳಿಗೆ ಮೊಮ್ಮಗನ ಪೆನ್ಸಿಲ್ ರಬ್ಬರು. ಸೀಳಿನೊಳಗೆ ಗಟ್ಟಿಯಾಗಿ ಕೂತದ್ದನ್ನು ಬೆಂಕಿಕಡ್ಡಿಯಿಂದ ಕೆದಕಬೇಕು. ನಾನು ಕೆದಕಿದೆ. ಮೊದಲು ಎರೆಮಣ್ಣಿನ ಧೂಳು ಬಂತು, ಅದರ ಕೆಳಗೆ ಒಂದೆರಡು ಜೋಳದ ಕಾಳು, ಅದಕ್ಕೂ ಕೆಳಗೆ ಕೆಂಪಗೆ ಹೆಪ್ಪುಗಟ್ಟಿದ ಕುಂಕುಮ. ನಲವತ್ತು ವರ್ಷ ಹಿಂದಿನ ಮಹಾನವಮಿ ಉಗುರಿನಷ್ಟು ತುಂಡಾಗಿ ಅಂಗೈಗೆ ಬಂತು. ಅವ್ವ ಅದನ್ನು ಎಸೆಯಲು ಬಿಡದೆ ತುಳಸಿಕಟ್ಟೆಗೆ ಹಾಕಿಸಿದಳು.

ಚೀಲದ ಭಾರಕ್ಕೆ ಬಾಗಿದ ತುಂಡುಗಳನ್ನು ಮಹಡಿಯ ಮೇಲೆ ಎರಡು ಶಹಾಬಾದ್ ಫರಸಿಗಳ ನಡುವೆ ಇಟ್ಟೆ. ಕಾಯಿಸಿ ಭಾರ ಹೇರಿದರೆ ಪ್ಲಾಸ್ಟಿಕ್ ನೆಟ್ಟಗಾಗುತ್ತದೆ. ಬೇರೆ ದೇಶದವರು ಇದಕ್ಕೆ ಬಿಸಿಗಾಳಿಯ ಯಂತ್ರ ಹಿಡಿಯುತ್ತಾರಂತೆ. ಶಹಾಪುರದಲ್ಲಿ ಮೇ ತಿಂಗಳೇ ಸಾಕು. ಎದುರಿಗೆ ಮಲಗಿದ ಬುದ್ಧನ ಬೆಟ್ಟ, ಇಲ್ಲಿ ಮಲಗಿದ ಪಟ್ರಿ. ಸಂಜೆಗೆ ಪಟ್ರಿ ಸರಿಯಾಗಿತ್ತು, ನಾನು ಬಿಸಿಲಿಗೆ ಬಾಗಿದ್ದೆ.

ಟ್ರಾನ್ಸ್‌ಫಾರ್ಮರಿಗೆಂದು ಯಾದಗಿರಿಗೆ ಹೋದೆ. ಅಣ್ಣ ಸುಲಭಕ್ಕೆ ಕೊಡಲಿಲ್ಲ. "ಪಾಲಿಗಿ ಬಂದಿದ್ದು ಅದು" ಅಂದ. ಕೊನೆಗೆ ಟ್ರಾನ್ಸ್‌ಫಾರ್ಮರಿನ ಜೊತೆ ತಾನೂ ಬರುವೆ ಎಂಬ ಷರತ್ತಿನ ಮೇಲೆ ಒಪ್ಪಿದ. ಅವನು ಸ್ನಾನ ಮುಗಿಸುವತನಕ ಸ್ಟೇಷನ್ನಿನಲ್ಲಿ ಕುಳಿತೆ. ಪಕ್ಕದಲ್ಲಿ ರೈಲ್ವೆಯ ಒಬ್ಬ ನಿವೃತ್ತ ಗ್ಯಾಂಗ್‌ಮನ್ ಬೀಡಿ ಆರಿಸುತ್ತಿದ್ದ. ನನ್ನ ಸಮಸ್ಯೆ ಹೇಳಿದೆ. ಆತ ನಗಲಿಲ್ಲ, ಪಟ್ರಿ ಎಂದರೆ ಪಟ್ರಿ. ಬೆರಳು ಮಾಡಿ ತೋರಿಸಿದ: ಮೇನ್ ಲೈನಿನ ಹಳಿ ತಲೆ ಕನ್ನಡಿಯಾಗಿ ಹೊಳೆಯುತ್ತಿತ್ತು, ಅತ್ತ ಬದಿಗಿದ್ದ ಖಾಲಿ ಸೈಡಿಂಗಿನದು ಕೆಂಪಗೆ ಜಂಗು ಹಿಡಿದಿತ್ತು. "ಎರಡೂ ಒಂದೇ ಕಬ್ಬಿಣರೀ ಸಾಹೇಬ್ರ. ಅದರ ಮ್ಯಾಲ ಗಾಡಿ ಓಡ್ತಾವ, ಇದರ ಮ್ಯಾಲ ಓಡಂಗಿಲ್ಲ. ನೀವು ಆಟ ಆಡಿದ್ರ ಉಜ್ಜೋ ಕೆಲಸನ ಇರ್ತಿರಲಿಲ್ಲ." ಕಾರಿನ ಜಡೆ ಓಡಿದಾಗಲೆಲ್ಲ ಹಳಿಯನ್ನು ಒರೆಸುತ್ತದೆ, ನಿಜ. ಶೋಕೇಸಿನಲ್ಲಿಟ್ಟು ನಾವು ಕಾಪಾಡಿದ್ದು ಜಂಗನ್ನು.

ಸುರಪುರದ ಕಥೆ ಬೇರೆ. ಕಾಕಾನ ಮನೆ ಟೇಲರ್ ಮಂಜಿಲ್‌ಗೆ ಹತ್ತುವ ದಾರಿಯ ಕೆಳಗಿದೆ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1840ರ ದಶಕದಲ್ಲಿ ಕಟ್ಟಿಸಿದ ಆ ಬಂಗಲೆ ಇಂದಿಗೂ ಗಟ್ಟಿಯಾಗಿದೆ. ಕಾಕಾನ ಮಗ ಒಂದೇ ಮಧ್ಯಾಹ್ನದಲ್ಲಿ ನೋಡಿಕೊಂಡ ಕಾರುಗಳಿಗೆ ಆ ಭಾಗ್ಯ ಇರಲಿಲ್ಲ. ನಾನು ಬರುವೆನೆಂದು ಕೇಳಿ, ಅಣ್ಣನಿಗೆ ಸಹಾಯವಾಗಲಿ ಎಂದು, ಪಾತ್ರೆ ಉಜ್ಜುವ ತಂತಿ ಉಂಡೆಯಿಂದ ಕಾರುಗಳ ಹೊಟ್ಟೆಯನ್ನೆಲ್ಲ ತಿಕ್ಕಿಟ್ಟಿದ್ದ. ಮೋಟರಿನೊಳಗೆ ಅಯಸ್ಕಾಂತ ಇರುತ್ತದೆ. ಉದುರಿದ ಕೂದಲೆಳೆಯಂಥ ತಂತಿಗಳನ್ನು ಅದು ಪ್ರೀತಿಯಿಂದ ಒಳಗೆ ಕರೆದುಕೊಂಡಿತ್ತು. ಕರೆಂಟು ಕೊಟ್ಟರೆ ಶಾರ್ಟ್ ಆಗಿ ಮೋಟರೇ ಹೋಗುವ ಸ್ಥಿತಿ. ಮೊಬೈಲ್ ಹುಡುಗ ಚಿಮಟಿ ಹಿಡಿದು, ಕಣ್ಣಿಗೆ ಭೂತಗನ್ನಡಿ ಕಟ್ಟಿ, ಒಂದೊಂದೇ ಎಳೆ ತೆಗೆದ. ಸವೆದ ಜಡೆಗಳ ಜಾಗದಲ್ಲಿ ತನ್ನ ಅಂಗಡಿಯಲ್ಲಿ ಬೆಸುಗೆ ಹೀರಲು ಬಳಸುವ ತಾಮ್ರದ ಹೆಣೆದ ಪಟ್ಟಿ ಕತ್ತರಿಸಿ ಹಾಕಿದ. ಇದಕ್ಕಿಂತ ಒಳ್ಳೆಯ ಬದಲಿ ಇಲ್ಲವೆಂದೇ ನನ್ನ ಅಭಿಪ್ರಾಯ. ಅಚ್ಚಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ. ಟೈರಿಗೆ ಅಂಟಿದ ಧೂಳನ್ನು ಸೆಲ್ಲೊಟೇಪಿನ ಮೇಲೆ ಉರುಳಿಸಿ ತೆಗೆದೆವು.

ಪಟ್ರಿ ಜೋಡಿಸಿ ಗುಂಡಿ ಒತ್ತಿದರೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಕಾರು ಹಾರುತ್ತದೆ, ಆಚೆ ತುದಿಯಲ್ಲಿ ತೆವಳುತ್ತದೆ. ಮಲ್ಟಿಮೀಟರು ಇಟ್ಟು ನೋಡಿದರೆ ಪ್ರತಿ ಕೀಲಿನಲ್ಲೂ ಸ್ವಲ್ಪ ಸ್ವಲ್ಪ ವೋಲ್ಟ್ ಸೋರಿ ಹೋಗುತ್ತಿತ್ತು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದ್ದನ್ನು ಕಂಡ ನಮಗೆ ರೋಗ ತಕ್ಷಣ ತಿಳಿಯಿತು. ತುಂಡಿನಿಂದ ತುಂಡಿಗೆ ಕರೆಂಟು ದಾಟಿಸುವುದು ತುದಿಯಲ್ಲಿರುವ ಸಣ್ಣ ಲೋಹದ ನಾಲಿಗೆ. ಅವುಗಳನ್ನೆಲ್ಲ ಉಜ್ಜಿ, ಇಕ್ಕಳದಿಂದ ಚೂರು ಬಿಗಿ ಮಾಡಿ, ಟ್ರಾನ್ಸ್‌ಫಾರ್ಮರಿನಿಂದ ಆಚೆ ತುದಿಗೆ ನೇರವಾಗಿ ಇನ್ನೊಂದು ಜೋಡಿ ವೈರು ಎಳೆದೆವು. ಕೊನೆಯ ಹೊಲಕ್ಕೂ ನೀರು ಬಂತು. ಇಷ್ಟು ಬೇಗ ಬಗೆಹರಿದ ನೀರಾವರಿ ಸಮಸ್ಯೆ ನಮ್ಮ ತಾಲೂಕಿನಲ್ಲಿ ಇದೊಂದೇ.

ಕಾರುಗಳು ಓಡಿದವು. ವಾಟ್ನಿ ಆದ ಮೇಲೆ ಮದುವೆ, ಮಣ್ಣು ಬಿಟ್ಟು ಬೇರೆ ದಿನ ಮೂರು ಮನೆಯವರು ಒಂದೇ ಪಡಸಾಲೆಯಲ್ಲಿ ಕೂತದ್ದು ಇದೇ ಮೊದಲು. ಆನಂದ ಸುಮಾರು ಕಾಲು ತಾಸು ಇತ್ತು. ಆಮೇಲೆ ಓಣಿಯ ಜಗಳ ಶುರುವಾಯಿತು. ಎರಡು ಸೀಳುಗಳ ನಡುವೆ ಎಂಟು ಸೆಂಟಿಮೀಟರಿನಷ್ಟು ಅಂತರ. ಒಂದು ಸುತ್ತು ಬಂದರೆ ಹೊರಗಿನ ಕಾರು ಒಳಗಿನದಕ್ಕಿಂತ ಅರ್ಧ ಮೀಟರ್ ಹೆಚ್ಚು ಓಡಬೇಕು. "ನಾ ಹಿರಿಯ, ಒಳಗಿನ ಓಣಿ ನನಗ" ಅಂದ ಯಾದಗಿರಿ ಅಣ್ಣ. "ಕಾರು ನಮ್ಮವು" ಅಂದ ಸುರಪುರದ ತಮ್ಮ. ಪಟ್ರಿ ನಮ್ಮದೆಂದು ನಾನೂ ಹೇಳಿದೆ. ಕೇಳಲು ಹಿರಿಯರು ಯಾರೂ ಉಳಿದಿಲ್ಲ, ಅವ್ವ ಒಬ್ಬಳೇ. ಆಕೆ, "ಮೂರೂ ಮಂದಿ ಕರೆಂಟ್ ತಗೀರಿ, ಊಟಕ್ಕ ಏಳ್ರಿ" ಅಂದಳು.

ಡಬ್ಬಿಯ ಮೇಲಿನ ಚಿತ್ರದಲ್ಲಿ ಜಗಳಕ್ಕೆ ಪರಿಹಾರವಿದೆ. ಅಲ್ಲಿ ರಸ್ತೆ ಇಂಗ್ಲಿಷ್ ಎಂಟರ ಆಕಾರದ್ದು. ಒಂದು ಕುಣಿಕೆಯಲ್ಲಿ ಒಳಗಿದ್ದ ಕಾರು ಇನ್ನೊಂದರಲ್ಲಿ ಹೊರಗೆ ಬರುತ್ತದೆ, ಇಬ್ಬರಿಗೂ ದೂರ ಒಂದೇ. ಅದಕ್ಕೆ 12 ತಿರುವು ಬೇಕು. ನಮ್ಮಲ್ಲಿ ಉಳಿದಿರುವುದು 11. ಹೀಗಾಗಿ 8 ತಿರುವಿನ ಸೊನ್ನೆಯಲ್ಲೇ ಸುತ್ತುತ್ತಿದ್ದೇವೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಯಾರ ಮನೆಯಲ್ಲಾದರೂ ಎರಡು ಸೀಳಿನ ಕಪ್ಪು ಪ್ಲಾಸ್ಟಿಕ್ಕಿನ ತಿರುವು ತುಂಡೊಂದು ಬಿದ್ದಿದ್ದರೆ ದಯವಿಟ್ಟು ತಿಳಿಸಿ. ಬದಲಿಗೆ ನೇರ ತುಂಡು ಎರಡು ಕೊಡುತ್ತೇವೆ, ಇದಕ್ಕೆ ಮೂರೂ ಮನೆಯ ಒಪ್ಪಿಗೆ ಆಗಿದೆ. ಜಂಗು ಹಿಡಿದಿದ್ದರೆ ಹಾಗೇ ಕೊಡಿ, ಉಜ್ಜುವುದನ್ನು ನಮಗೆ ಬಿಡಿ.