ಓದಿನ ಗೀಳು: ಪಿತ್ರಾರ್ಜಿತವೋ, ಸ್ವಯಾರ್ಜಿತವೋ?

ಹೊಲಗದ್ದೆ, ಒಡವೆ, ಹಿತ್ತಾಳೆ ಹಂಡೆಗಳ ಪಾಲುಪಟ್ಟಿಯ ಬಗ್ಗೆ ಧರ್ಮಶಾಸ್ತ್ರಕಾರರು ಬರೆದಿಟ್ಟದ್ದು ಬೇಕಾದಷ್ಟಿದೆ. ಓದುವ ಗೀಳು ಯಾರಿಂದ ಯಾರಿಗೆ, ಯಾವ ಹಕ್ಕಿನ ಮೇಲೆ ಸಲ್ಲುತ್ತದೆ ಎಂಬಲ್ಲಿ ಮಾತ್ರ ಅವರದು ಗಾಢ ಮೌನ. ಆ ಲೋಪವನ್ನು ನೀಗಿಸುವುದೇ ಈ ಪ್ರಬಂಧದ ಪ್ರಯೋಜನ. ಪ್ರಯೋಜನವಿಲ್ಲ ಎನ್ನುವವರಿಗೆ ಇದನ್ನು ಓದುವ ಅಧಿಕಾರವೇ ಇಲ್ಲ.

ಪೂರ್ವಪಕ್ಷ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ (1076–1126) ವಿಜ್ಞಾನೇಶ್ವರ ಬರೆದ 'ಮಿತಾಕ್ಷರ'ದಂತೆ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನನ 'ದಾಯಭಾಗ'ದಂತೆ, ಅಪ್ಪ ಕಣ್ಮುಚ್ಚುವ ತನಕ ಕಾಯಬೇಕು. ಓದಿಗೆ ಮಿತಾಕ್ಷರವೇ ಸಲ್ಲುತ್ತದೆ ಎನ್ನುವವರು ಬಿ.ಎಂ.ಶ್ರೀ. ಮನೆತನವನ್ನು ಸಾಕ್ಷಿಗೆ ಕರೆಯುತ್ತಾರೆ: ಸೋದರನ ಮಗಳು ತ್ರಿವೇಣಿ ಕಾದಂಬರಿಕಾರ್ತಿ, ಆಕೆಯ ತಂಗಿ ಆರ್ಯಾಂಬ ಪಟ್ಟಾಭಿಯೂ ಕಾದಂಬರಿಕಾರ್ತಿ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲೆಂದು ಕರ್ನಾಟಕದ ಕಾನೂನು ಒಪ್ಪಿದ್ದು 1994ರಲ್ಲಿ. 1963ರಲ್ಲೇ ತೀರಿಕೊಂಡ ತ್ರಿವೇಣಿ ಅದಕ್ಕೆ ಕಾಯದೆ ತಮ್ಮ ಪಾಲನ್ನು ಬಡ್ಡಿಸಮೇತ ವಸೂಲು ಮಾಡಿಕೊಂಡಿದ್ದರು.

ಆಕ್ಷೇಪ. ಹಕ್ಕು ಹುಟ್ಟಿನಿಂದಲೇ ಬರುವುದಾದರೆ, ಕಪಾಟುಗಟ್ಟಲೆ ಪುಸ್ತಕವಿರುವ ಮನೆಯ ಮಗ ರೀಲ್ಸ್ ನೋಡುತ್ತ ಕೂರುವುದು ಹೇಗೆ? ಒಂದು ಪುಸ್ತಕವೂ ಇಲ್ಲದ ಮನೆಯ ಹುಡುಗಿ, ಸಕ್ಕರೆ ಕಟ್ಟಿದ್ದ ವಾರಪತ್ರಿಕೆಯ ಹಾಳೆಯಲ್ಲಿ ಅರ್ಧ ಕತೆ ಓದಿ, ಉಳಿದರ್ಧ ಕಡಲೆಬೇಳೆಯ ಪೊಟ್ಟಣದಲ್ಲಿ ಸಿಕ್ಕೀತೆಂದು ಅದನ್ನೂ ಬಿಚ್ಚಿ ಸುರಿದು, ಅಮ್ಮನಿಂದ ಬೈಸಿಕೊಳ್ಳುವುದು ಹೇಗೆ?

ಸಿದ್ಧಾಂತ. ಕಪಾಟು ಆಸ್ತಿಯಲ್ಲ, ಅನುಭೋಗವೇ ಆಸ್ತಿ. ಮಕ್ಕಳ ಕಣ್ಣೆದುರು ಓದು ನಡೆಯುತ್ತಿರಬೇಕು, ಅಷ್ಟೆ. ಅಕ್ಷರ ಬಾರದ ಅಜ್ಜಿಯೂ ಇಲ್ಲಿ ದಾನಿಯಾಗಬಲ್ಲಳು. "ಧಾರಾವಾಹಿ ಓದಿ ಹೇಳೋ ಮಗಾ" ಎಂದು ಮೊಮ್ಮಗನನ್ನು ಕೂರಿಸಿಕೊಳ್ಳುತ್ತಾಳೆ. ಆಟಕ್ಕೆ ಹೊತ್ತಾಯಿತೆಂದು ಅವನು ನಾಲ್ಕು ಸಾಲು ಹಾರಿಸಿದರೆ, "ತವರಲ್ಲಿದ್ದೋಳು ಇದ್ದಕ್ಕಿದ್ದಂಗೆ ಗಂಡನ ಮನೆಗೆ ಹೆಂಗೆ ಬಂದ್ಲೋ?" ಎಂದು ಹಿಡಿದೇಬಿಡುತ್ತಾಳೆ. ಹುಡುಗ ಹಿಂದಕ್ಕೆ ಹೋಗಿ ಓದಲೇಬೇಕು. ದಾನಪತ್ರ ನೋಂದಣಿಯಾಗುವುದು ಆ ಗಳಿಗೆಯಲ್ಲಿ.

ಮೇಷ್ಟರ ಸ್ಥಾನ. ಮನೆಯಲ್ಲಿ ದಾಯ ದೊರೆಯದವರಿಗೆ ಶಾಸ್ತ್ರದಲ್ಲಿ ದತ್ತಕವುಂಟು. ಟಿ.ಎಸ್. ವೆಂಕಣ್ಣಯ್ಯನವರಿಗೆ ಕುವೆಂಪು ಹೀಗೆ ದತ್ತಕ ಶಿಷ್ಯರೆನ್ನಬಹುದು. ಶಿಷ್ಯರು 'ಶ್ರೀ ರಾಮಾಯಣ ದರ್ಶನಂ' ಅನ್ನೇ ಗುರುವಿಗೆ ಅರ್ಪಿಸಿ ಋಣ ಸಂದಾಯ ಮಾಡಿದರು. ಗಳಗನಾಥ ಮಾಸ್ತರರಂತೂ ಇಡೀ ನಾಡನ್ನೇ ದತ್ತು ಪಡೆದು, ತಾವು ಬರೆದ ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅಪವಾದ: ಲೈಬ್ರರಿ ಬೀರುವಿನ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು, ಇನ್ಸ್‌ಪೆಕ್ಟರು ಬಂದ ದಿನ ಮಾತ್ರ ಬಾಗಿಲು ತೆರೆಯುವ ಹೆಡ್‌ಮೇಷ್ಟರಿಗೆ ದತ್ತಕಾಧಿಕಾರವಿಲ್ಲ.

ವಿದ್ಯಾಧನ. ಮನೆಯ ಖರ್ಚಿನಲ್ಲಿ ಕಲಿತವನ ಗಳಿಕೆಯೆಲ್ಲ ಒಟ್ಟು ಕುಟುಂಬದ್ದೇ ಎಂಬ ಹಳೆಯ ವ್ಯಾಜ್ಯವನ್ನು 1930ರ ಕಾಯಿದೆಯೊಂದು ಬಗೆಹರಿಸಿ, ಅದು ಕಲಿತವನ ಸ್ವಯಾರ್ಜಿತವೆಂದಿತು. ಓದಿನ ಗೀಳಿಗೂ ಇದೇ ಕಾಯಿದೆಯನ್ನು ಯಾರಾದರೂ ಮುಂದೊಡ್ಡಿದರೆ, ಅಜ್ಜಿಯೂ ಮೇಷ್ಟರೂ ಜಂಟಿಯಾಗಿ ತಕರಾರು ಅರ್ಜಿ ಹಾಕುವುದು ಖಂಡಿತ.

ಶೇಷವಿಚಾರ. ಎರವಲು ಒಯ್ದ ಪುಸ್ತಕ ಎಷ್ಟು ವರ್ಷಕ್ಕೆ ಒಯ್ದವರದೇ ಆಗುತ್ತದೆ ಎಂಬುದನ್ನು ಎರಡನೆಯ ಸಂಪುಟದಲ್ಲಿ ಸವಿಸ್ತಾರವಾಗಿ ಚರ್ಚಿಸಲಾಗಿದೆ. ಅದರ ಹಸ್ತಪ್ರತಿಯನ್ನು ಎರಡೇ ದಿನದಲ್ಲಿ ಓದಿ ಕೊಡುತ್ತೇನೆಂದು ಒಯ್ದ ವಿದ್ವಾಂಸರು ಈಗ ಫೋನ್ ಎತ್ತುತ್ತಿಲ್ಲ.