ಕಾಕಾನ ಅಂಗಡಿಗೆ ನನ್ನ ಆ್ಯಪ್

ಆ್ಯಪ್ ಬರೆಯಲು ಹೋಗಿ ನಾಲ್ಕು ಜನರ ಮುಂದೆ ಮುಖ ಒಣಗಿಸಿಕೊಂಡವರು ನೀವೂ ಆಗಿದ್ದರೆ ಬರ್ರಿ, ಪಕ್ಕದಲ್ಲೇ ಕೂಡ್ರಿ. ಜಿಐ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ 8 ಜಿಲ್ಲೆಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಅಂದಮೇಲೆ ಅಥಣಿಯ ಕಾಕಾನ ಚಪ್ಪಲಿ ಅಂಗಡಿಗೆ ಆ್ಯಪ್ ಇಲ್ಲದಿದ್ದರೆ ಹೇಗೆ? ಫೋಟೊ, ಬೆಲೆ ಸರ್ವರ್‌ನಿಂದ ಬಂದು ಪರದೆಯ ಮೇಲೆ ಕೂತರೆ ಮುಗೀತು. ಸಂಜೆಯೊಳಗೆ ಕೊಡ್ತೀನಿ ಎಂದುಬಿಟ್ಟೆ.

ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಂಡಿತು. ಪರದೆ ನೋಡಿಕೊಳ್ಳುವ ಮೇನ್ ಥ್ರೆಡ್‌ಗೇ ಇಂಟರ್ನೆಟ್ ಕೆಲಸವನ್ನೂ ಹಚ್ಚಿದ್ದೆ. 2011ರ ಆಂಡ್ರಾಯ್ಡ್ 3.0 ಕಾಲದಿಂದಲೇ ಅದಕ್ಕೆ ನಿಷೇಧ. ಸರಿ, ಬೇರೆ ಥ್ರೆಡ್ ಹುಟ್ಟಿಸಿದೆ. ಅದು ಬೆಲೆ ತಂದು ನೇರ ಪರದೆಯ ಮೇಲೆ ಬರೆಯಲು ಹೋಗಿ ಸತ್ತಿತು. ಪರದೆಯೂ ಕಾಕಾನ ಗಲ್ಲಾ ಇದ್ದಂತೆ: ಕೈ ಹಾಕುವವನು ಗಲ್ಲಾದ ಮುಂದೆ ಕೂತವನೊಬ್ಬನೇ, ಒಳಗಿನವರೆಲ್ಲ ಚೀಟಿ ಕಳಿಸಬೇಕು. ಚೀಟಿ ಒಯ್ಯುವವನು ಹ್ಯಾಂಡ್ಲರ್, ಸರದಿಯಂತೆ ಎತ್ತಿಕೊಡುವವನು ಲೂಪರ್.

ತಿಳೀತು ಎಂದು ಹ್ಯಾಂಡ್ಲರನ್ನು ಆ ಹೊಸ ಥ್ರೆಡ್‌ನೊಳಗೇ ಹುಟ್ಟಿಸಿದೆ. ಇಲ್ಲಿ ಲೂಪರ್ ಇಲ್ಲ ಎಂದು ಆ್ಯಪ್ ಮತ್ತೆ ಮಗುಚಿತು. ಅಲ್ಲೇ ಒಬ್ಬ ಲೂಪರನ್ನೂ ಕೂರಿಸಿದೆ. ಈಗ ಒಳಗಿನವನು ತನಗೆ ತಾನೇ ಚೀಟಿ ಬರೆದು, ತಾನೇ ಓದಿ, ಎದ್ದುಬಂದು ಗಲ್ಲಾಕ್ಕೇ ಕೈ ಹಾಕಿದ! ಆ್ಯಪ್ ಬಿದ್ದ ಸದ್ದು ಕಾಗವಾಡದವರೆಗೂ ಕೇಳಿಸಿರಬೇಕು.

ಕೊನೆಗೆ ಮೇನ್ ಥ್ರೆಡ್‌ನ ಲೂಪರ್‌ಗೇ ಚೀಟಿ ಮುಟ್ಟಿಸಿದೆ. ಬೆಲೆ ಮೂಡಿತು! ಹುರುಪು ತಲೆಗೇರಿ, ಫೋಟೊ ಎಷ್ಟು ಇಳಿಯಿತೆಂದು ತೋರಿಸಲು ಚೂರುಚೂರಿಗೂ ಒಂದೊಂದು ಚೀಟಿ ಕಳಿಸಿದೆ. ಗಿರಾಕಿಗಳು ಪರದೆ ಒತ್ತಿದ್ದೇ ಒತ್ತಿದ್ದು. ಮೇನ್ ಥ್ರೆಡ್ ಚೀಟಿಯ ರಾಶಿಯೊಳಗೆ ಹೂತುಹೋಗಿತ್ತು. 5 ಸೆಕೆಂಡು ಕಾದು ಫೋನೇ ತೀರ್ಪು ಕೊಟ್ಟಿತು: ‘ಆ್ಯಪ್ ಸ್ಪಂದಿಸುತ್ತಿಲ್ಲ’. “ಯಾಕಪಾ ತಮ್ಮಾ, ನೀನೂ ಮಾತಾಡವಲ್ಲಿ?” ಎಂದು ಕಾಕಾ ಚಹಾ ಮುಂದಿಟ್ಟ.

ಚೀಟಿ ಕಡಿಮೆ ಮಾಡಿದೆ. ಆ್ಯಪ್ ಬೀಳಲಿಲ್ಲ, ಬಿದ್ದಿದ್ದರೇ ಚಲೋ ಇತ್ತು. ಪಟ್ಟಿ ಸರಿಸಿದಾಗ ಮೇಲೆ ಮರೆಯಾದ ಸಾಲನ್ನೇ ಆಂಡ್ರಾಯ್ಡ್ ಕೆಳಗಿನ ಚಪ್ಪಲಿಗೆ ಮರುಬಳಸುತ್ತದೆ. ತಡವಾಗಿ ಬಂದ ಚೀಟಿಗೆ ಅದೇನು ಗೊತ್ತು? ಕೂಸಿನ ಚಪ್ಪಲಿಯ ಬೆಲೆ ಹೋಗಿ ಗೊಂಡೆ ಕಟ್ಟಿದ ಮದುವೆ ಜೋಡಿಗೆ ಅಂಟಿಕೊಂಡಿತು. ಮದುವೆ ಜವಳಿಗೆ ಬಂದಿದ್ದ ಹಿರಿಯರೊಬ್ಬರು ಪರದೆ ತೋರಿಸಿ, ಬೀಗರಿಗೂ ಸೇರಿಸಿ ಒಂದೊಂದು ಜೋಡು ಕಟ್ಟಿರಿ ಎಂದರು. ತೋರಿಸಿದ ಬೆಲೆಗೆ ಕಾಕಾ ತಪ್ಪುವವನಲ್ಲ, ಕಟ್ಟಿಕೊಟ್ಟ. ಆಮೇಲೆ ಲುಕ್ಸಾನಿನ ಲೆಕ್ಕ ಚೀಟಿಯಲ್ಲಿ ಬರೆದು ನನ್ನ ಕೈಗಿಟ್ಟ. ಆ ಒಂದು ಚೀಟಿ ಮಾತ್ರ ಎಲ್ಲೂ ದಾರಿ ತಪ್ಪಲಿಲ್ಲ ನೋಡ್ರಿ!